ಮುಂಜಿ, ಮುಂದೊಗಲು, ಒಂದು ತಂಬಿಗೆ ನೀರು

ನಮ್ಮ ಕಡೆ ಮುಂಜಿ ಅನ್ನುವ ಒಂದೇ ಪದ ಎರಡು ಮನೆಗಳಲ್ಲಿ ಬಾಳುತ್ತದೆ. ಧಾರವಾಡದ ಮಾಳಮಡ್ಡಿಯಲ್ಲಿ ಮುಂಜಿವಿ ಅಂದರೆ ಜನಿವಾರ, ಭಿಕ್ಷೆ, ಗಾಯತ್ರಿ. ಹಳೇ ಹುಬ್ಬಳ್ಳಿಯಲ್ಲಿ, ಸವಣೂರಿನಲ್ಲಿ, ಲಕ್ಷ್ಮೇಶ್ವರದಲ್ಲಿ ಮುಂಜಿ ಅಂದರೆ ಹುಡುಗನ ಖತ್ನಾ, ಸುನ್ನತಿ. ಬೇಸಿಗೆ ರಜೆಯಲ್ಲಿ ಪೇಪರಿನಲ್ಲಿ ‘ಸಾಮೂಹಿಕ ಮುಂಜಿ’ ಅಂತ ತಲೆಬರಹ ಕಂಡರೆ ಕೆಳಗಿನ ಸಾಲು ಓದುವ ತನಕ ಯಾರ ಮನೆಯ ಮುಂಜಿ ಅಂತ ತಿಳಿಯುವುದಿಲ್ಲ. ಕನ್ನಡ ಬೈಬಲ್ ಕೂಡ ಯೆಹೂದ್ಯರ ಎಂಟನೆಯ ದಿನದ ಸಂಸ್ಕಾರಕ್ಕೆ ಅರಬ್ಬಿ ಮೂಲದ ‘ಸುನ್ನತಿ’ಯನ್ನೇ ಇಟ್ಟುಕೊಂಡಿದೆ. ಕತ್ತರಿಸುವ ಕ್ರಿಯೆಗೆ ಇಷ್ಟು ಹೆಸರುಗಳಿವೆ. ಕತ್ತರಿಸುವ ಚರ್ಮಕ್ಕೆ, ಅಂದರೆ ಶಿಶ್ನದ ತುದಿಯನ್ನು ಮುಚ್ಚುವ ತೊಗಲಿಗೆ, ಮಾತ್ರ ಆಡುಮಾತಿನಲ್ಲಿ ಹೆಸರಿಲ್ಲ. ‘ಮುಂದೊಗಲು’ ಅನ್ನುವುದು ನಿಘಂಟಿನಲ್ಲಿ ಕೂತಿದೆ. ದವಾಖಾನೆಯ ಬಾಗಿಲಲ್ಲಿ ಜನ ಹೇಳುವುದು ‘ಅಲ್ಲಿ ತೊಗಲು’, ‘ಉಚ್ಚಿ ಜಾಗದ ಚರ್ಮ’, ಇಲ್ಲವಾದರೆ ಬರಿಯ ‘ಅದು’.

ಹೆಸರಿಲ್ಲದ ಅಂಗಕ್ಕೆ ಉಪಚಾರವೂ ತಡವಾಗಿ ಸಿಗುತ್ತದೆ. ಈ ಚರ್ಮವನ್ನು ನಾವು ಜಾತಿ ಧರ್ಮದ ಗುರುತಾಗಿ ಮಾತ್ರ ನೋಡಿದ್ದೇವೆ. ಹಾಗಾಗಿ ಹಿಂದೂ ಮನೆಯಲ್ಲಿ ಅರವತ್ತರ ಸಕ್ಕರೆ ಕಾಯಿಲೆಯ ಹಿರಿಯರಿಗೆ ಚರ್ಮ ಬಿರಿದು, ಕಲೆಗಟ್ಟಿ, ಮೂತ್ರದ ಧಾರೆ ದಾರದಷ್ಟಾದರೂ ‘ಅದು ಅವರ ಪದ್ಧತಿ, ನಮಗ ಬ್ಯಾಡ’ ಅಂತ ಆಪರೇಷನ್ ಮುಂದೆ ಹೋಗುತ್ತದೆ. ಮುಸ್ಲಿಂ ಮನೆಯಲ್ಲಿ ಸುನ್ನತಿ ಆಗಲೇಬೇಕಾದ್ದು ಅನ್ನುವುದು ಎಷ್ಟು ಖಚಿತವೆಂದರೆ, ಹುಡುಗನಿಗೆ ರಕ್ತ ಹೆಪ್ಪುಗಟ್ಟುತ್ತದೆಯೇ, ಮೂತ್ರದ ರಂಧ್ರ ತನ್ನ ಜಾಗದಲ್ಲಿದೆಯೇ ಅನ್ನುವ ಎರಡು ಪ್ರಶ್ನೆಗಳನ್ನೂ ಕೇಳದೆ ದಿನ ಗೊತ್ತುಮಾಡುತ್ತಾರೆ. ಇಬ್ಬರಿಗೂ ಬೇಕಾದ ತಿಳಿವಳಿಕೆ ಒಂದೇ. ಅದನ್ನು ಮೊದಲಿನಿಂದ, ಅಂದರೆ ಕೂಸಿಗೆ ಎರೆಯುವ ಬಚ್ಚಲಿನಿಂದ ಹೇಳಬೇಕು.

ಎರೆಯುವಾಕೆ ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಕೂಸನ್ನು ಕಾಲುಗಳ ನಡುವಿನ ತಗ್ಗಿನಲ್ಲಿ ಮಲಗಿಸಿಕೊಳ್ಳುತ್ತಾಳೆ. ಎಣ್ಣೆ ತಿಕ್ಕುತ್ತಾಳೆ, ಮೂಗು ತೀಡುತ್ತಾಳೆ, ತಲೆ ದುಂಡಗೆ ಮಾಡುತ್ತಾಳೆ. ಗಂಡುಕೂಸಾದರೆ ಹೆಬ್ಬೆರಳು ತೋರುಬೆರಳಿನಿಂದ ಶಿಶ್ನದ ತುದಿಯ ಚರ್ಮವನ್ನು ಹಿಂದಕ್ಕೆ ಒತ್ತಿ, ಬಾಯಿ ತೆರೆದಲ್ಲಿ ಒಂದು ಹನಿ ಎಣ್ಣೆ ಬಿಡುತ್ತಾಳೆ. ದಿನಾ ಇಷ್ಟಿಷ್ಟು ಸರಿಸದಿದ್ದರೆ ಮುಂದೆ ಬಿಗಿಯಾಗುತ್ತದೆ ಅನ್ನುವುದು ನಂಬಿಕೆ. ಅವಳ ಉಳಿದ ಕೈಕೆಲಸದ ಬಗ್ಗೆ ನನಗೆ ಗೌರವವಿದೆ, ಈ ಒಂದನ್ನು ಬಿಡಬೇಕು. ಹುಟ್ಟಿದ ಕೂಸಿನಲ್ಲಿ ಮುಂದೊಗಲಿನ ಒಳಪದರ ಶಿಶ್ನದ ತುದಿಗೆ ಅಂಟಿಕೊಂಡೇ ಇರುತ್ತದೆ. ಉಗುರು ತನ್ನ ಬುಡಕ್ಕೆ ಅಂಟಿರುತ್ತದಲ್ಲ, ಹಾಗೆ. ಅದನ್ನು ಬಿಡಿಸುವ ಕೆಲಸ ದೇಹದ್ದು, ವರ್ಷಗಟ್ಟಲೆ ಹಿಡಿಯುತ್ತದೆ. ಬೆರಳಿನಿಂದ ಬಿಡಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳುಗಳಾಗುತ್ತವೆ, ಅವು ಮಾಯುವಾಗ ಕಲೆಯಾಗುತ್ತವೆ, ಕಲೆ ಬಿಗಿಯುತ್ತದೆ. ಯಾವ ಬಿಗಿತಕ್ಕೆ ಹೆದರಿ ಎಳೆದಿರೋ ಅದನ್ನು ನಮ್ಮ ಕೈಯಿಂದಲೇ ಮಾಡಿಟ್ಟಂತೆ.

ಇದಕ್ಕೆ ಲೆಕ್ಕ ಇಟ್ಟವರಿದ್ದಾರೆ. 1949ರಲ್ಲಿ ಇಂಗ್ಲೆಂಡಿನ ಡಗ್ಲಸ್ ಗೇರ್ಡ್ನರ್ ಎಂಬ ಮಕ್ಕಳ ವೈದ್ಯರು, ಹುಟ್ಟಿದಾಗ ಚರ್ಮ ಪೂರ್ತಿ ಹಿಂದೆ ಸರಿಯುವ ಕೂಸುಗಳು ನೂರಕ್ಕೆ ನಾಲ್ಕು ಮಾತ್ರ ಅಂತ ತೋರಿಸಿದರು. ಅವರು ಮೂರು ವರ್ಷಕ್ಕೆ ಬಹುತೇಕ ಎಲ್ಲರಿಗೂ ಸರಿಯುತ್ತದೆ ಅಂದುಕೊಂಡಿದ್ದರು, ಅದು ಅವಸರದ ಎಣಿಕೆ ಅಂತ ಆಮೇಲೆ ಗೊತ್ತಾಯಿತು. 1968ರಲ್ಲಿ ಡೆನ್ಮಾರ್ಕಿನ ಯಾಕೋಬ್ ಓಸ್ಟರ್ ಶಾಲೆಯ ಹುಡುಗರನ್ನು ವರ್ಷವರ್ಷ ನೋಡಿ ಬರೆದಿಟ್ಟರು: ಆರೇಳು ವರ್ಷದವರಲ್ಲಿ ಶೇ 8ರಷ್ಟು ಹುಡುಗರಿಗೆ ಚರ್ಮದ ಬಾಯಿ ಬಿಗಿ, ಶೇ 63ರಷ್ಟು ಹುಡುಗರಿಗೆ ಒಳಗೆ ಎಲ್ಲಾದರೂ ಅಂಟು, ಹದಿನಾರು ಹದಿನೇಳಕ್ಕೆ ಬರುವ ಹೊತ್ತಿಗೆ ಬಿಗಿ ಶೇ 1, ಅಂಟು ಶೇ 3. ನಡುವೆ ಚಾಕು ಬೇಕಾದದ್ದು ಬೆರಳೆಣಿಕೆಯ ಹುಡುಗರಿಗೆ ಮಾತ್ರ. ‘ಐದು ವರ್ಷ ಆತು, ಇನ್ನೂ ಹಿಂದ ಸರಿವಲ್ದು’ ಅಂತ ಹೆದರುವ ತಾಯಿ ತಂದೆಗೆ ಓಸ್ಟರ್ ಕೊಟ್ಟ ಈ ಅಂಕಿಗಳಿಗಿಂತ ಒಳ್ಳೆಯ ಸಮಾಧಾನ ಇಲ್ಲ.

ಹೆದರಿಕೆ ಹುಟ್ಟಿಸುವ ಇನ್ನೆರಡು ನೋಟಗಳಿವೆ. ‘ಡಾಕ್ಟರ್ರೀ, ಉಚ್ಚಿ ಹೊಯ್ಯುಮುಂದ ಫುಗ್ಗಾದ ಗತೆ ಉಬ್ಬತೈತ್ರಿ’ ಅನ್ನುವುದು ಮೊದಲನೆಯದು. ಒಳಗಿನ ಅಂಟು ಬಿಡುತ್ತಿದೆ, ಹೊರಬಾಯಿ ಇನ್ನೂ ಕಿರಿದಾಗಿದೆ, ಹಾಗಾಗಿ ಮೂತ್ರ ಒಂದು ಕ್ಷಣ ಚರ್ಮದ ಕೆಳಗೆ ನಿಂತು ಉಬ್ಬಿಸುತ್ತದೆ. ಮೂತ್ರ ಹೋಗುತ್ತಿದ್ದರೆ, ಹುಡುಗ ಅಳದಿದ್ದರೆ, ಜ್ವರ ಇಲ್ಲದಿದ್ದರೆ ಅದು ರೋಗ ಅಲ್ಲ. ಎರಡನೆಯದು ಚರ್ಮದ ಕೆಳಗೆ ಸಾಬೂದಾಣಿ ಕಾಳಿನಂಥ ಬಿಳಿ ಗಂಟು. ಅದನ್ನು ಕೀವು ಅಂತ ಹಿಸುಕುತ್ತಾರೆ. ಸತ್ತ ಚರ್ಮದ ಕಣ ಮತ್ತು ಜಿಡ್ಡು ಸೇರಿದ ಮುದ್ದೆ ಅದು, ಸ್ಮೆಗ್ಮಾ ಅಂತ ಹೆಸರು. ಅಂಟು ಬಿಡಿಸುವ ಕೆಲಸ ನಡೆದಿದೆ ಅನ್ನುವುದಕ್ಕೆ ಅದೇ ಗುರುತು. ತಾನಾಗಿ ಹೊರಬರುತ್ತದೆ, ಆಂಟಿಬಯಾಟಿಕ್ ಬೇಡ.

ಹಾಗಾದರೆ ಯಾವುದು ರೋಗ? ಚರ್ಮವನ್ನು ಮೆಲ್ಲಗೆ, ನೋವಾಗದಷ್ಟೇ ಹಿಂದಕ್ಕೆ ಸರಿಸಿ ಬಾಯನ್ನು ನೋಡಬೇಕು. ಸಹಜ ಬಿಗಿಯಲ್ಲಿ ಒಳಗಿನ ಗುಲಾಬಿ ಬಣ್ಣದ ಮೆತ್ತನೆ ಪದರ ಮೊಗ್ಗು ಬಿರಿದಂತೆ ಹೊರಗೆ ಇಣುಕುತ್ತದೆ. ಕಲೆಗಟ್ಟಿದ ಬಿಗಿಯಲ್ಲಿ ಏನೂ ಇಣುಕುವುದಿಲ್ಲ. ಅಜ್ಜಿಯ ಎಲೆ ಅಡಿಕೆ ಸಂಚಿಯ ದಾರ ಜಗ್ಗಿ ಬಿಗಿದಂತೆ ಬಾಯಿ ಗಟ್ಟಿ ಉಂಗುರವಾಗಿ ನಿಂತಿರುತ್ತದೆ, ಅಂಚು ಬಿಳಿಚಿರುತ್ತದೆ, ಮುಟ್ಟಿದರೆ ಬಿರುಸು. ಇದಕ್ಕೆ ಬಹಳ ಸಲ ಕಾರಣ ಲೈಕೆನ್ ಸ್ಕ್ಲೆರೋಸಸ್ ಅನ್ನುವ ಚರ್ಮರೋಗ. ಅದು ಅಂಟುಜಾಡ್ಯ ಅಲ್ಲ, ಹೊಲಸಿನಿಂದ ಬರುವುದೂ ಅಲ್ಲ. ಬಿಟ್ಟರೆ ಮೂತ್ರದ ರಂಧ್ರವನ್ನೂ ಬಿಗಿಯುತ್ತದೆ, ಒಳಗಿನ ಮೂತ್ರನಾಳಕ್ಕೂ ಇಳಿಯುತ್ತದೆ. ಇಲ್ಲಿ ಕಾಯುವುದು ತಪ್ಪು. ಈ ಚರ್ಮ ತೆಗೆಯುವುದು ಔಷಧ, ಯಾವ ಮತದವರಿಗಾದರೂ. ತೆಗೆದ ಚರ್ಮವನ್ನು ಬಯಾಪ್ಸಿಗೆ ಕಳಿಸಿ ಅಂತ ಕೇಳಿ ಹೇಳಿ, ಸುಮ್ಮನೆ ಬಕೆಟ್ಟಿಗೆ ಹೋಗಬಾರದು.

ಕಲೆ ಇಲ್ಲದ, ಆದರೆ ತೊಂದರೆ ಕೊಡುವ ಬಿಗಿಗೆ ಮುಲಾಮು ಇದೆ. ಬೀಟಾಮೆಥಸೋನ್ ಶೇ 0.05 ಅಥವಾ 0.1, ದಿನಕ್ಕೆ ಎರಡು ಸಲ, ನಾಲ್ಕರಿಂದ ಎಂಟು ವಾರ. ಇದು ಸ್ಟೆರಾಯ್ಡ್, ವೈದ್ಯರ ಚೀಟಿಯ ಮೇಲೆಯೇ ಆಗಬೇಕು. ಗುಣ ಕಾಣದವರಲ್ಲಿ ಬಹಳ ಮಂದಿ ಹಚ್ಚುವ ಕ್ರಮದಲ್ಲಿ ತಪ್ಪುತ್ತಾರೆ. ಚರ್ಮದ ಹೊರಗೆಲ್ಲ ಬಳಿದರೆ ಫಲವಿಲ್ಲ. ಚರ್ಮವನ್ನು ಹಿಂದಕ್ಕೆ ತಂದಾಗ ಬಿಗಿ ಉಂಗುರ ಕಾಣುತ್ತದಲ್ಲ, ಅದರ ಮೇಲೆ, ಜೋಳದ ಕಾಳಿನಷ್ಟು ತೆಗೆದುಕೊಂಡು ಸುತ್ತಲೂ ಸವರಬೇಕು. ಎರಡನೆಯ ವಾರದಿಂದ, ಸ್ನಾನದ ಬಿಸಿನೀರಿನಲ್ಲಿ ಚರ್ಮ ಮೆತ್ತಗಾದಾಗ, ನೋವು ಶುರುವಾಗುವ ಹಂತದ ಹಿಂದೆಯೇ ನಿಲ್ಲಿಸಿ, ಸ್ವಲ್ಪ ಸ್ವಲ್ಪ ಸರಿಸುವುದು. ಹುಡುಗ ದೊಡ್ಡವನಾಗಿದ್ದರೆ ಅವನೇ ಮಾಡಲಿ, ಬೇರೆಯವರ ಕೈ ಬೇಡ. ಸರಿಸಿದ ಮೇಲೆ ಮುಂದಕ್ಕೆ ತರಬೇಕು. ಬಹುಪಾಲು ಹುಡುಗರಿಗೆ ಇಷ್ಟರಲ್ಲೇ ಆಪರೇಷನ್ ತಪ್ಪುತ್ತದೆ. ಮುಲಾಮು ನಿಂತ ಮೇಲೆ ದಿನಾ ಸ್ನಾನದಲ್ಲಿ ಸರಿಸುವುದನ್ನು ಬಿಟ್ಟರೆ ಮತ್ತೆ ಬಿಗಿಯುವುದುಂಟು.

ಹಿಗ್ಗಿಸಿ ಗುಣಪಡಿಸುವ ಈ ಉಪಾಯ ಹೊಸದಲ್ಲ. ಸುಶ್ರುತ ಸಂಹಿತೆಯ ಕ್ಷುದ್ರರೋಗಗಳ ಅಧ್ಯಾಯದಲ್ಲಿ ಮುಂದೊಗಲಿನ ಮೂರು ತೊಂದರೆಗಳಿಗೆ ಮೂರು ಹೆಸರುಗಳಿವೆ: ಬಾಯಿ ಬಿಗಿದದ್ದು ನಿರುದ್ಧಪ್ರಕಶ, ಹಿಂದೆ ಸರಿದು ಮರಳಿ ಬಾರದ್ದು ಪರಿವರ್ತಿಕಾ, ಬಲವಂತದಿಂದ ಹರಿದದ್ದು ಅವಪಾಟಿಕಾ. ಬಿಗಿಗೆ ಅಲ್ಲಿ ಹೇಳಿದ ಚಿಕಿತ್ಸೆ ಎರಡೂ ಕಡೆ ಬಾಯಿ ಇರುವ ಕೊಳವೆ, ಕಬ್ಬಿಣದ್ದೋ ಕಟ್ಟಿಗೆಯದ್ದೋ ಅರಗಿನದ್ದೋ, ತುಪ್ಪ ಸವರಿ ಒಳಗಿಡುವುದು. ಮೂರು ದಿನಕ್ಕೊಮ್ಮೆ ಇನ್ನಷ್ಟು ದಪ್ಪ ಕೊಳವೆ. ಇದನ್ನು ಇಂದು ಮನೆಯಲ್ಲಿ ಯಾರೂ ಮಾಡಬಾರದು. ಆದರೆ ಕತ್ತರಿಸುವುದಕ್ಕೆ ಮುಂಚೆ ಹಿಗ್ಗಿಸಿ ನೋಡಬೇಕು ಅನ್ನುವ ವಿವೇಕ, ಕೈಯಿಂದ ಬಲವಂತ ಮಾಡಿದರೆ ಹರಿಯುತ್ತದೆ ಅನ್ನುವ ಎಚ್ಚರ, ಎರಡೂ ಅಲ್ಲಿವೆ. ಎರೆಯುವಾಕೆಗೆ ಈ ಮಾತು ಹೇಳಿ ನೋಡಿ, ಇಂಗ್ಲಿಷ್ ವೈದ್ಯದ ಮಾತಿಗಿಂತ ಬೇಗ ಒಪ್ಪುತ್ತಾಳೆ.

ಇನ್ನು ತೊಳೆಯುವ ಮಾತು. ಎಂಟು ಹತ್ತು ದಿನಕ್ಕೊಮ್ಮೆ ನಳ ಬರುವ ಓಣಿಗಳ ಊರು ನಮ್ಮದು. ಬ್ಯಾರಲ್ಲು, ಸಿಂಟೆಕ್ಸು ತುಂಬಿಸಿಟ್ಟು ಅಳತೆಯಲ್ಲಿ ಬಳಸುವ ಮನೆಯಲ್ಲಿ ‘ಸ್ವಚ್ಛತೆ ಕಾಪಾಡಿ’ ಅನ್ನುವ ಉಪದೇಶ ಕಿವಿಗೆ ಹೋಗುವುದಿಲ್ಲ. ನಿಜದಲ್ಲಿ ಇದಕ್ಕೆ ಬೇಕಾಗುವುದು ದಿನಕ್ಕೆ ಒಂದು ತಂಬಿಗೆ ನೀರು. ಚರ್ಮ ತಾನಾಗಿ ಸರಿಯುವ ಹುಡುಗರು, ಗಂಡಸರು ಅದನ್ನು ಪೂರ್ತಿ ಹಿಂದಕ್ಕೆ ತಂದು, ತುದಿಯ ಹಿಂದಿನ ಕಂಠದಂಥ ಕುಣಿಯಲ್ಲಿ ಬೆರಳಾಡಿಸಿ ಬರೀ ನೀರಿನಲ್ಲಿ ತೊಳೆದು, ಒದ್ದೆ ಉಳಿಯದಂತೆ ಮೆತ್ತನೆ ಬಟ್ಟೆಯಿಂದ ಒತ್ತಿ, ಮತ್ತೆ ಮುಂದಕ್ಕೆ ತರಬೇಕು. ಒರೆಸುವುದನ್ನು ಜನ ಮರೆಯುತ್ತಾರೆ. ತೇವ ಉಳಿದ ಬೆಚ್ಚನೆ ಜಾಗ ಬೂಷ್ಟಿಗೆ ಹದವಾದ ನೆಲ. ಸಾಬೂನು ಬೇಡ. ಡೆಟಾಲು, ಸ್ಯಾವ್ಲಾನು ಅಂತೂ ಖಂಡಿತ ಬೇಡ. ಗದಗ, ರೋಣ, ಮುಂಡರಗಿ ಕಡೆಯ ಬೋರಿನ ಗಡಸು ನೀರಿನಲ್ಲಿ ಸಾಬೂನು ನೊರೆ ಬರದೆ ಜಿಡ್ಡಾಗಿ ಉಳಿಯುತ್ತದೆ, ಆ ಜಿಡ್ಡೇ ಮೆತ್ತನೆ ಚರ್ಮವನ್ನು ಕೆಂಪಗೆ ಮಾಡುತ್ತದೆ. ಉರಿ ಬಂತು ಅಂತ ಇನ್ನಷ್ಟು ಸಾಬೂನು ಹಚ್ಚುತ್ತಾರೆ, ಉರಿ ಹೆಚ್ಚುತ್ತದೆ. ಬಹಳ ‘ಇನ್ಫೆಕ್ಷನ್’ಗಳು ಸಾಬೂನು ಬಿಟ್ಟ ವಾರದಲ್ಲಿ ಇಳಿಯುತ್ತವೆ.

ಚರ್ಮ ಇನ್ನೂ ಸರಿಯದ ಕೂಸಿಗೆ ಹೊರಗಿನಿಂದ ನೀರು ಹೊಯ್ದರೆ ಮುಗಿಯಿತು. ಹತ್ತು ಹನ್ನೆರಡರ ಹುಡುಗನಿಗೆ ಅಪ್ಪನೋ ಕಾಕಾನೋ ಒಮ್ಮೆ ಬಾಯಿಬಿಟ್ಟು ಹೇಳಿಕೊಡಬೇಕು. ಹಲ್ಲು ತಿಕ್ಕುವುದನ್ನು ಹೇಳಿಕೊಟ್ಟ ದನಿಯಲ್ಲೇ ಹೇಳಿದರೆ ಸಾಕು.

ಬ್ಯಾಡಗಿಯ ಸೀಮೆಯವರಿಗೆ ಇನ್ನೊಂದು ಮಾತು. ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸಿದ ಕೈ, ಚೀಲ ಹೊತ್ತ ಕೈ, ಮೂತ್ರಕ್ಕೆ ಹೋಗುವಾಗ ಆ ಚರ್ಮವನ್ನು ಮುಟ್ಟಿದರೆ ತಾಸುಗಟ್ಟಲೆ ಉರಿಯುತ್ತದೆ. ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಕೈಗೆ ಮೊದಲು ಅಡುಗೆ ಎಣ್ಣೆ ತಿಕ್ಕಿ, ಆಮೇಲೆ ಸಾಬೂನಿನಿಂದ ತೊಳೆದು ಹೋಗಬೇಕು. ಸುಣ್ಣ, ಸಿಮೆಂಟು ಮುಟ್ಟುವವರೂ ಕೈ ತೊಳೆಯುವುದು ಮೂತ್ರಕ್ಕೆ ಹೋಗುವ ಮುಂಚೆ.

ನಡುವಯಸ್ಸಿನ ಗಂಡಸಿಗೆ ಮುಂದೊಗಲಿನ ತುದಿಯಲ್ಲಿ ಉದ್ದುದ್ದ ಬಿರುಕು, ಕೆರೆತ, ಮೊಸರಿನಂಥ ಬಿಳುಪು ಬಂತು ಅಂದರೆ ಮೊದಲು ಮಾಡಬೇಕಾದ್ದು ರಕ್ತದ ಸಕ್ಕರೆ ಪರೀಕ್ಷೆ. ಬರಿ ಹೊಟ್ಟೆಯಲ್ಲಿ 126, ಅಥವಾ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) 6.5 ಮುಟ್ಟಿದ್ದರೆ ಸಕ್ಕರೆ ಕಾಯಿಲೆ. ತನಗೆ ಸಕ್ಕರೆ ಇದೆ ಅನ್ನುವುದು ಎಷ್ಟೋ ಮಂದಿಗೆ ಈ ಚರ್ಮ ಹೇಳಿದಾಗಲೇ ಗೊತ್ತಾಗುತ್ತದೆ. ನಾಚಿಕೆಯಿಂದ ಔಷಧದ ಅಂಗಡಿಯಲ್ಲಿ ‘ತುರಿಕೆಗೆ ಕೊಡ್ರಿ’ ಅಂತ ಕೇಳಿ ತಂದ, ಸ್ಟೆರಾಯ್ಡ್, ಆಂಟಿಬಯಾಟಿಕ್, ಬೂಷ್ಟು ಔಷಧ ಎಲ್ಲ ಸೇರಿಸಿದ ಕ್ರೀಮು ಎರಡು ದಿನ ತಂಪು ಕೊಟ್ಟು, ತಿಂಗಳಲ್ಲಿ ಚರ್ಮವನ್ನು ತೆಳ್ಳಗೆ ಮಾಡಿ ಬೂಷ್ಟನ್ನು ಬೆಳೆಸುತ್ತದೆ. ಬೂಷ್ಟಿಗೆ ಬೇಕಾದ್ದು ಬರೀ ಕ್ಲೋಟ್ರಿಮಜೋಲ್ ಶೇ 1, ದಿನಕ್ಕೆ ಎರಡು ಸಲ, ಒಂದರಿಂದ ಎರಡು ವಾರ. ಹೆಂಡತಿಗೂ ತುರಿಕೆ, ಬಿಳಿಸೆರಗು ಇದ್ದರೆ ಅವಳಿಗೂ ಅದೇ ಹೊತ್ತಿಗೆ ಚಿಕಿತ್ಸೆ.

ಇದರಲ್ಲೇ ಸೇರಿದ ಹೊಸ ವಿಷಯವೊಂದಿದೆ. ಡಾಪಾಗ್ಲಿಫ್ಲೋಜಿನ್ ಅನ್ನುವ ಸಕ್ಕರೆ ಮಾತ್ರೆಯ ಪೇಟೆಂಟ್ 2020ರ ಅಕ್ಟೋಬರಿನಲ್ಲಿ ಮುಗಿದು, ಬೆಲೆ ಇಳಿದು, ಈಗ ಹಳ್ಳಿಯ ಚೀಟಿಯಲ್ಲೂ ಕಾಣುತ್ತದೆ. ಒಳ್ಳೆಯ ಔಷಧ; ಹೃದಯ, ಕಿಡ್ನಿ ಕಾಯುತ್ತದೆ. ಅದು ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿ. ಮೂತ್ರದ ಕೊನೆಯ ಹನಿ ಚರ್ಮದ ಕೆಳಗೆ ಉಳಿದರೆ ಅದು ಸಕ್ಕರೆ ಪಾನಕ, ಬೂಷ್ಟಿಗೆ ಊಟ. ಈ ಮಾತ್ರೆ ತೆಗೆದುಕೊಳ್ಳುವವರು ಪ್ರತಿ ಸಲ ಮೂತ್ರದ ನಂತರ ಚರ್ಮ ಸರಿಸಿ ತೊಳೆದು ಒರೆಸಬೇಕು. ಈ ಮಾತನ್ನು ಚೀಟಿ ಬರೆಯುವಾಗಲೇ ಹೇಳಬೇಕು, ಬಹಳ ಕಡೆ ಹೇಳುವುದಿಲ್ಲ. ತೊಂದರೆ ಬಂದರೆ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕಾಣಬೇಕು. ವೃಷಣದ ಸುತ್ತ, ಗುದದ ಹತ್ತಿರ ವಿಪರೀತ ನೋವು, ಊತ, ಜ್ವರ ಒಟ್ಟಿಗೆ ಬಂದರೆ ಆ ರಾತ್ರಿಯೇ ಆಸ್ಪತ್ರೆ. ಅಪರೂಪದ್ದು, ಆದರೆ ಮಾಂಸ ಕೊಳೆಸುವ ಸೋಂಕು ಅದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಇದೇ ಗುಂಪಿನ ಮಾತ್ರೆಗಳಿಗೆ ಈ ಎಚ್ಚರಿಕೆ ಹಾಕಿದೆ.

ಮುಂದೊಗಲಿನ ಲೋಕದಲ್ಲಿ ತಾಸು ಎಣಿಸಬೇಕಾದ ತುರ್ತು ಒಂದೇ: ಹಿಂದೆ ಸರಿದ ಚರ್ಮ ಮುಂದೆ ಬಾರದೆ ಉಂಗುರವಾಗಿ ಬಿಗಿಯುವುದು, ಪ್ಯಾರಾಫೈಮೋಸಿಸ್. ಬಿಗಿ ಉಂಗುರದ ಮುಂದೆ ರಕ್ತ ನಿಂತು ತುದಿ ಊದುತ್ತದೆ, ಊದಿದಷ್ಟೂ ಉಂಗುರ ಬಿಗಿಯುತ್ತದೆ, ಕೊನೆಗೆ ತುದಿ ನೀಲಿಗಟ್ಟುತ್ತದೆ. ಬೆರಳಿಗೆ ಸಿಕ್ಕಿದ ಉಂಗುರದ ಲೆಕ್ಕವೇ. ಆಸ್ಪತ್ರೆಗೆ ಹೊರಡುವ ಮುಂಚೆ ಒಂದು ಪ್ರಯತ್ನ ಮಾಡಬಹುದು. ಊದಿದ ಭಾಗವನ್ನು ಇಡೀ ಅಂಗೈಯಲ್ಲಿ ಹಿಡಿದು ಹತ್ತು ನಿಮಿಷ ಒಂದೇ ಸಮ ಒತ್ತಬೇಕು, ನಡುವೆ ಬಿಡಬಾರದು; ಊತದ ನೀರು ಹಿಂದಕ್ಕೆ ಹೋಗುವುದು ಆ ಒತ್ತಡದಿಂದಲೇ. ಸಕ್ಕರೆಯನ್ನು ದಪ್ಪಗೆ ಸವರಿ ಬಟ್ಟೆ ಸುತ್ತಿದರೂ ನೀರು ಎಳೆದುಕೊಳ್ಳುತ್ತದೆ, ಆದರೆ ಅದಕ್ಕೆ ತಾಸೆರಡು ಬೇಕು. ಊತ ಇಳಿದ ಮೇಲೆ ಎರಡು ಹೆಬ್ಬೆರಳು ತುದಿಯ ಮೇಲಿಟ್ಟು ಒಳಕ್ಕೆ ಒತ್ತುತ್ತ, ಉಳಿದ ಬೆರಳುಗಳಿಂದ ಉಂಗುರವನ್ನು ಮುಂದಕ್ಕೆ ಎಳೆಯಬೇಕು. ಸುಶ್ರುತನೂ ತುಪ್ಪ ಸವರಿ, ಶಾಖ ಕೊಟ್ಟು, ತುದಿಯನ್ನು ಒತ್ತಿ ಚರ್ಮ ಮುಂದೆ ತರಬೇಕು ಅನ್ನುತ್ತಾನೆ. ಬಣ್ಣ ನೀಲಿಯಾಗಿದ್ದರೆ ಮನೆಯಲ್ಲಿ ಹೊತ್ತು ಕಳೆಯದೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಳೆಯ ಹೆಸರು ಕಿಮ್ಸ್), ಗದಗದ ಜಿಮ್ಸ್, ಹಾವೇರಿಯ ಜಿಲ್ಲಾ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ಹೊರಡಿ.

ಪ್ಯಾಂಟಿನ ಜಿಪ್ಪಿಗೆ ಚರ್ಮ ಸಿಕ್ಕರೆ ಮೇಲೆ ಕೆಳಗೆ ಎಳೆಯುವುದು ಬೇಡ. ಜಿಪ್ಪಿನ ತಲೆಯಲ್ಲಿ ಮುಂದಿನ ಪಟ್ಟಿ ಹಿಂದಿನ ಪಟ್ಟಿಯನ್ನು ಜೋಡಿಸುವ ಸಣ್ಣ ಸೇತುವೆ ಇರುತ್ತದೆ. ಅದನ್ನು ಕಟಿಂಗ್ ಪ್ಲಾಯರಿನಿಂದ ಕತ್ತರಿಸಿದರೆ ಜಿಪ್ಪು ಎರಡು ಹೋಳಾಗಿ ತಾನೇ ಬಿಡುತ್ತದೆ. ಹೊಸದಾಗಿ ಮದುವೆಯಾದವನಿಗೆ ಚರ್ಮದ ಕೆಳಗಿನ ದಾರದಂಥ ಕಟ್ಟು ಹರಿದು ರಕ್ತ ಬಂದರೆ ಹದಿನೈದು ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತದೆ, ಎರಡು ಮೂರು ವಾರ ಬಿಡುವು ಕೊಡಬೇಕು. ಪದೇ ಪದೇ ಹರಿದರೆ ಆ ಕಟ್ಟನ್ನಷ್ಟೇ ಉದ್ದಮಾಡುವ ಸಣ್ಣ ಆಪರೇಷನ್ ಇದೆ, ಇಡೀ ಚರ್ಮ ತೆಗೆಯಬೇಕಿಲ್ಲ.

ಸುನ್ನತಿ ಒಳ್ಳೆಯದೇ ಕೆಟ್ಟದ್ದೇ ಅನ್ನುವ ಜಗಳಕ್ಕೆ ಈಗ ಬರಬಹುದು. ಧರ್ಮದ ಕಡೆಯಿಂದ ಹೇಳುವುದಾದರೆ, ಕುರಾನಿನಲ್ಲಿ ಇದರ ಹೆಸರಿಲ್ಲ, ಹದೀಸಿನಿಂದ ಬಂದ ಆಚಾರ. ನಮ್ಮ ಬಯಲುಸೀಮೆಯ ಹೆಚ್ಚಿನ ಮುಸ್ಲಿಮರು ಅನುಸರಿಸುವ ಹನಫಿ ಪಂಥ ಅದನ್ನು ಸುನ್ನತ್, ಅಂದರೆ ಪ್ರವಾದಿಯ ಮೇಲ್ಪಂಕ್ತಿ, ಅನ್ನುತ್ತದೆ, ಭಟ್ಕಳದ ಕಡೆಯ ಶಾಫಿಗಳಿಗೆ ಕಡ್ಡಾಯ. ಆ ನಂಬಿಕೆಯನ್ನು ವೈದ್ಯದ ತಕ್ಕಡಿಯಲ್ಲಿ ತೂಗುವುದಕ್ಕೆ ಬರುವುದಿಲ್ಲ, ತೂಗಲೂ ಬಾರದು. ಆದರೆ ಆರೋಗ್ಯಕ್ಕೆ ಒಳ್ಳೆಯದು ಅಂತ ಎಲ್ಲರಿಗೂ ಹೇಳಲು ಹೊರಟಾಗ ಲೆಕ್ಕ ಕೇಳಲೇಬೇಕು.

ಲೆಕ್ಕದಲ್ಲಿ ಸುನ್ನತಿಯ ಪರವಾದ ಗಟ್ಟಿ ಪುರಾವೆ ಆಫ್ರಿಕಾದ್ದು. ದಕ್ಷಿಣ ಆಫ್ರಿಕಾದ ಆರೆಂಜ್ ಫಾರ್ಮ್, ಕೆನ್ಯಾದ ಕಿಸುಮು, ಉಗಾಂಡಾದ ರಕಾಯಿ, ಈ ಮೂರು ಕಡೆ ಸುಮಾರು 11,000 ಗಂಡಸರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ 2005ರಿಂದ 2007ರ ನಡುವೆ ಬಂತು: ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ಹರಡುವುದು ಶೇ 50ರಿಂದ 60ರಷ್ಟು ತಗ್ಗುತ್ತದೆ. ಮುಂದೊಗಲಿನ ಒಳಪದರದಲ್ಲಿ ವೈರಸ್ಸು ಹಿಡಿಯುವ ಕಣಗಳು ಹೆಚ್ಚು, ಮೇಲಿನ ಕವಚ ತೆಳು, ಅದು ಕಾರಣ ಅಂತ ಊಹೆ. ಅದರ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಶಿಫಾರಸು ಮಾಡಿದ್ದು ಎಚ್‌ಐವಿ ಬಹಳ ಹರಡಿದ, ಸುನ್ನತಿ ಕಡಿಮೆಯಿದ್ದ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ದೇಶಗಳಿಗೆ. ಭಾರತದಲ್ಲಿ ವಯಸ್ಕರಲ್ಲಿ ಎಚ್‌ಐವಿ ಶೇ 0.2ರಷ್ಟು. ಆ ಶಿಫಾರಸನ್ನು ನಮ್ಮ ಊರಿಗೆ ಹಾಗೇ ಹೊತ್ತು ತರುವುದು ಸರಿಯಲ್ಲ. ಸುನ್ನತಿಯಾಗಿದೆ, ಕಾಂಡೋಮ್ ಬೇಡ ಅನ್ನುವುದಂತೂ ಅಪಾಯದ ತಪ್ಪು.

ಮೂತ್ರದ ಸೋಂಕಿನ ಲೆಕ್ಕ ಇನ್ನೂ ಸ್ಪಷ್ಟ. 2005ರ ಒಂದು ವಿಶ್ಲೇಷಣೆಯ ಪ್ರಕಾರ ಆರೋಗ್ಯವಂತ ಗಂಡುಮಕ್ಕಳಲ್ಲಿ ಒಂದು ಸೋಂಕು ತಪ್ಪಿಸಲು 111 ಸುನ್ನತಿ ಮಾಡಬೇಕು. ಆದರೆ ಮೂತ್ರ ಕಿಡ್ನಿಗೆ ಜೋರಾಗಿ ಹಿಂದೆ ಹರಿಯುವ ದೋಷ ಇರುವ ಮಕ್ಕಳಲ್ಲಿ ನಾಲ್ಕು ಮಾಡಿದರೆ ಒಂದು ತಪ್ಪುತ್ತದೆ. ಅದೇ ಆಪರೇಷನ್ ಒಬ್ಬ ಹುಡುಗನಿಗೆ ಅನಗತ್ಯ, ಇನ್ನೊಬ್ಬನ ಕಿಡ್ನಿ ಉಳಿಸುವಂಥದ್ದು. ಶಿಶ್ನದ ಕ್ಯಾನ್ಸರ್ ಚಿಕ್ಕಂದಿನ ಸುನ್ನತಿಯಿಂದ ತಗ್ಗುತ್ತದೆ, ನಿಜ. ಆದರೆ ಸ್ಮೆಗ್ಮಾವೇ ಕ್ಯಾನ್ಸರ್ ತರುತ್ತದೆ ಅನ್ನುವ ಹಳೆಯ ಮಾತಿಗೆ ಆಧಾರ ಇಲ್ಲ. ಬಿಗಿ ಚರ್ಮದ ಕೆಳಗೆ ವರ್ಷಗಟ್ಟಲೆ ನಡೆಯುವ ಉರಿಯೂತ, ಎಚ್‌ಪಿವಿ ವೈರಸ್ಸು, ತಂಬಾಕು, ಇವು ಕಾರಣಗಳು. ಗುಟ್ಕಾ, ಬೀಡಿ ಬಾಯಿಗೂ ಗಂಟಲಿಗೂ ಮಾತ್ರ ಅಂದುಕೊಂಡವರು ಇದನ್ನು ಗಮನಿಸಬೇಕು. ಚರ್ಮದ ಕೆಳಗೆ ಮಾಯದ ಹುಣ್ಣು, ವಾಸನೆಯ ಸ್ರಾವ ಮೂರು ವಾರ ಮೀರಿದರೆ ತೋರಿಸಲೇಬೇಕು.

ವಿರೋಧದ ಮಾತೂ ಅಷ್ಟೇ ಗಂಭೀರವಾದದ್ದು. ತನ್ನ ದೇಹದ ಒಂದು ಭಾಗದ ಬಗ್ಗೆ ಕೂಸು ಒಪ್ಪಿಗೆ ಕೊಡಲಾರದು ಅನ್ನುವುದು ಅದರ ಬುಡ. ನೆದರ್ಲೆಂಡ್ಸಿನ ವೈದ್ಯರ ಸಂಘ 2010ರಲ್ಲಿ ಇದೇ ನಿಲುವು ತಳೆಯಿತು. ಅಮೆರಿಕದ ಮಕ್ಕಳ ವೈದ್ಯರ ಸಂಘ 2012ರಲ್ಲಿ ಲಾಭ ಅಪಾಯಕ್ಕಿಂತ ಹೆಚ್ಚು ಅಂದರೂ ಎಲ್ಲರಿಗೂ ಮಾಡಿ ಅನ್ನಲಿಲ್ಲ. ಕೆನಡಾದವರು 2015ರಲ್ಲಿ ಎಲ್ಲರಿಗೂ ಬೇಡ ಅಂದರು. ಜರ್ಮನಿಯಲ್ಲಿ ಕಲೋನಿನ ನ್ಯಾಯಾಲಯ 2012ರಲ್ಲಿ ಅದನ್ನು ದೇಹಕ್ಕೆ ಮಾಡುವ ಗಾಯ ಅಂದಿತು, ಅದೇ ಡಿಸೆಂಬರಿನಲ್ಲಿ ಸಂಸತ್ತು ಕಾನೂನು ಮಾಡಿ ತಂದೆ ತಾಯಿಗೆ ಅವಕಾಶ ಕೊಟ್ಟಿತು. ಸುಖದ ಪ್ರಶ್ನೆಯಲ್ಲೂ ಒಮ್ಮತ ಇಲ್ಲ: ನವಿರು ಸ್ಪರ್ಶಕ್ಕೆ ಮುಂದೊಗಲು ಬಹಳ ಸೂಕ್ಷ್ಮ ಅಂತ 2007ರ ಒಂದು ಅಳತೆ ಹೇಳಿದರೆ, ಕಿಸುಮು ಮತ್ತು ರಕಾಯಿಯ ಗಂಡಸರು ತಮಗೆ ಸುಖ ಕುಗ್ಗಲಿಲ್ಲ ಅಂದರು. ಅವರು ದೊಡ್ಡವರಾಗಿ, ತಾವೇ ಒಪ್ಪಿ ಮಾಡಿಸಿಕೊಂಡವರು ಅನ್ನುವುದನ್ನು ಮರೆಯಬಾರದು.

ನನ್ನ ತೀರ್ಮಾನ ಹೀಗಿದೆ. ಆರೋಗ್ಯದ ಹೆಸರಿನಲ್ಲಿ ನಮ್ಮ ಜಿಲ್ಲೆಗಳ ಎಲ್ಲ ಗಂಡುಕೂಸುಗಳಿಗೂ ಸುನ್ನತಿ ಬೇಕಿಲ್ಲ. ರೋಗಕ್ಕೆ ಬೇಕಾದಾಗ ಧರ್ಮದ ಸಂಕೋಚ ಅಡ್ಡ ಬರಬಾರದು. ಧರ್ಮಕ್ಕಾಗಿ ಮಾಡಿಸುವವರನ್ನು ಹೀಯಾಳಿಸುವ ಬದಲು ಅದು ಸುರಕ್ಷಿತವಾಗಿ ಆಗುವಂತೆ ನೋಡಿಕೊಳ್ಳಬೇಕು. 2010ರ ಒಂದು ವಿಮರ್ಶೆಯಲ್ಲಿ ಕೂಸುಗಳಲ್ಲಿ ತೊಂದರೆಯ ಪ್ರಮಾಣ ಸುಮಾರು ಶೇ 1.5, ದೊಡ್ಡ ಹುಡುಗರಲ್ಲಿ ಶೇ 6. ಮಾಡಿಸುವುದೇ ಆದರೆ ಐದಾರು ವರ್ಷ ಕಾದು ನೆಂಟರನ್ನು ಕೂಡಿಸುವುದಕ್ಕಿಂತ ಬೇಗ ಮಾಡಿಸುವುದು ಒಳ್ಳೆಯದು.

ಮುಂಚೆ ನೋಡಬೇಕಾದ್ದು ಮೂರು. ಮನೆತನದಲ್ಲಿ, ಅದರಲ್ಲೂ ತಾಯಿಯ ಕಡೆಯ ಗಂಡಸರಲ್ಲಿ, ಹಲ್ಲು ಕಿತ್ತಾಗ ರಕ್ತ ನಿಲ್ಲದೆ ಹೋದದ್ದು, ಕಾರಣವಿಲ್ಲದೆ ಮೊಣಕಾಲು ಊದಿದ್ದು ಉಂಟೇ? ರಕ್ತ ಹೆಪ್ಪುಗಟ್ಟದ ಕಾಯಿಲೆ ಹಿಮೋಫಿಲಿಯಾ ತಾಯಿಯ ಮೂಲಕ ಬರುತ್ತದೆ, ಎಷ್ಟೋ ಹುಡುಗರಲ್ಲಿ ಸುನ್ನತಿಯ ದಿನವೇ ಮೊದಲ ಸಲ ಬಯಲಾಗುತ್ತದೆ. ಯೆಹೂದ್ಯರ ಪ್ರಾಚೀನ ನಿಯಮದಲ್ಲಿ ಇಬ್ಬರು ಅಣ್ಣಂದಿರು ರಕ್ತ ಸೋರಿ ತೀರಿದ್ದರೆ ಮೂರನೆಯವನಿಗೆ ಮಾಡಬಾರದು ಅಂತಿದೆ; ಧರ್ಮವೇ ಕೊಟ್ಟ ವಿನಾಯಿತಿ. ಎರಡನೆಯದು, ಮೂತ್ರದ ರಂಧ್ರ ತುದಿಯಲ್ಲೇ ಇದೆಯೇ? ಕೆಳಭಾಗದಲ್ಲಿದ್ದರೆ ಅದು ಹೈಪೋಸ್ಪೇಡಿಯಾಸ್, ಸರಿಪಡಿಸುವ ಆಪರೇಷನ್ನಿಗೆ ಆ ಮುಂದೊಗಲೇ ಬಟ್ಟೆ. ಅದನ್ನು ಕತ್ತರಿಸಿ ಎಸೆದ ಮೇಲೆ ಸರ್ಜನ್ನರ ಕೈ ಕಟ್ಟಿದಂತೆ. ಮೂರನೆಯದು, ಹೊಟ್ಟೆಯ ಕೆಳಗಿನ ಕೊಬ್ಬಿನಲ್ಲಿ ಶಿಶ್ನ ಹುದುಗಿ ಸಣ್ಣದಾಗಿ ಕಾಣುವ ದಪ್ಪ ಹುಡುಗ. ಅವನಿಗೆ ಎಂದಿನಂತೆ ಕತ್ತರಿಸಿದರೆ ಗಾಯದ ಉಂಗುರದ ಹಿಂದೆ ಶಿಶ್ನ ಸಿಕ್ಕಿಬೀಳುತ್ತದೆ.

ಒಂದೇ ದಿನ ಹತ್ತಾರು ಹುಡುಗರಿಗೆ ಮಾಡುವ ಶಿಬಿರದಲ್ಲಿ ಪ್ರತಿ ಹುಡುಗನಿಗೂ ಬೇರೆ ಸ್ಟೆರೈಲ್ ಉಪಕರಣವೇ ಅಂತ ಕಣ್ಣಾರೆ ನೋಡಿ. ಮರಗಟ್ಟಿಸುವ ಔಷಧ ಲಿಗ್ನೋಕೇನನ್ನು ಹುಡುಗನ ತೂಕ ನೋಡಿ, ಕಿಲೋಗೆ 3 ಮಿಲಿಗ್ರಾಂ ಮೀರದಂತೆ ಕೊಡಬೇಕು. ತೂಕದ ಯಂತ್ರವೇ ಇಲ್ಲದ ಶಿಬಿರದಿಂದ ಎದ್ದು ಬನ್ನಿ. ಲೋಹದ ಕ್ಲ್ಯಾಂಪು ಹಾಕಿ ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಸುಡುವ ಮಾಮೂಲಿ ಮೊನೋಪೋಲಾರ್ ಕಾಟರಿ ಮುಟ್ಟಿಸಿದರೆ ವಿದ್ಯುತ್ತು ಬುಡದ ತನಕ ಹರಿದು ಇಡೀ ಅಂಗ ಸುಡುತ್ತದೆ, ಅಂಥ ದುರಂತಗಳು ಲೋಕದಲ್ಲಿ ಆಗಿವೆ. ಬೇಕಾದರೆ ವಿದ್ಯುತ್ತು ಚಿಮಟದ ಎರಡು ತುದಿಗಳ ನಡುವೆಯೇ ಹರಿಯುವ ಬೈಪೋಲಾರ್, ಇಲ್ಲವೇ ದಾರದ ಗಂಟು.

ಮನೆಗೆ ಬಂದ ಮೇಲೆ ಸಡಿಲ ಲುಂಗಿ, ನೋವಿಗೆ ಪ್ಯಾರಾಸಿಟಮಾಲ್ ಕಿಲೋಗೆ 15 ಮಿಲಿಗ್ರಾಂನಂತೆ ಆರು ತಾಸಿಗೊಮ್ಮೆ, ಗಾಯಕ್ಕೆ ವ್ಯಾಸಲೀನ್. ಅರಿಶಿಣ, ಬೂದಿ, ಕಾಫಿಪುಡಿ ಬೇಡ. ಮೂರನೆಯ ದಿನ ತುದಿಯ ಮೇಲೆ ಕಾಣುವ ಹಳದಿ ಪೊರೆ ಕೀವಲ್ಲ, ಮಾಯುವ ಗಾಯದ ಹೊದಿಕೆ, ಉಜ್ಜಿ ತೆಗೆಯಬೇಡಿ. ರಕ್ತ ಬಂದರೆ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಗಡಿಯಾರ ನೋಡಿ ಒತ್ತಿ, ನಡುವೆ ಎತ್ತಿ ನೋಡಬೇಡಿ. ಆಗಲೂ ನಿಲ್ಲದಿದ್ದರೆ, ಎಂಟು ತಾಸಾದರೂ ಮೂತ್ರ ಹೋಗದಿದ್ದರೆ, ಕೆಂಪು ಹೊಟ್ಟೆಯ ಕಡೆ ಏರಿದರೆ ಮರಳಿ ಆಸ್ಪತ್ರೆ. ಪ್ಲಾಸ್ಟಿಕ್ ಉಂಗುರ ಹಾಕಿದ್ದರೆ ಐದರಿಂದ ಹತ್ತು ದಿನದಲ್ಲಿ ತಾನೇ ಉದುರುತ್ತದೆ. ಹಿಂದಕ್ಕೆ ಜಾರಿ ಕಂಠಕ್ಕೆ ಕೂತರೆ ತಕ್ಷಣ ತೆಗೆಸಬೇಕು. ದೊಡ್ಡವರಿಗೆ ಆರು ವಾರ ಸಂಸಾರ ಬೇಡ. ಸುನ್ನತಿಯಾದ ಕೂಸಿನ ಕಂಠದ ಕುಣಿಯಲ್ಲಿ ತಾಯಿಯ ಉದುರಿದ ಕೂದಲು ಸುತ್ತಿ ಬಿಗಿಯುವುದುಂಟು. ಕೂಸು ಕಾರಣವಿಲ್ಲದೆ ಅತ್ತರೆ ಬಟ್ಟೆ ಬಿಚ್ಚಿ ಅಲ್ಲಿ ನೋಡಿ.

ಕೊನೆಗೆ, ಹಾಸಿಗೆ ಹಿಡಿದ ಹಿರಿಯರು. ಲಕ್ವ ಹೊಡೆದ ಅಪ್ಪನಿಗೆ, ಮಾವನಿಗೆ ಮನೆಯವರು ಮೈ ಒರೆಸುತ್ತಾರೆ, ಬೆನ್ನಿಗೆ ಪುಡಿ ಹಾಕುತ್ತಾರೆ, ಅಲ್ಲಿ ಮಾತ್ರ ಕೈ ಹಾಕುವುದಿಲ್ಲ. ಡೈಪರಿನ ಒದ್ದೆಯಲ್ಲಿ ಆ ಚರ್ಮದ ಕೆಳಗೆ ವಾರಗಟ್ಟಲೆ ಕೂತ ಹೊಲಸು ಹುಣ್ಣಾಗುತ್ತದೆ, ಅವರಿಗೆ ಹೇಳಲು ಬಾಯಿ ಬರುವುದಿಲ್ಲ. ಮಗನೋ, ಅಳಿಯನೋ, ಸಂಬಳದ ಆಳೋ, ಒಬ್ಬರು ಒಪ್ಪಿಕೊಳ್ಳಬೇಕು. ಕೈಗವಸು ಹಾಕಿ, ‘ಅಪ್ಪಾ, ತೊಳೀತೀನಿ’ ಅಂತ ಹೇಳಿ, ಚರ್ಮವನ್ನು ಮೆಲ್ಲಗೆ ಹಿಂದೆ ಸರಿಸಿ, ಉಗುರುಬೆಚ್ಚಗಿನ ನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ಮುಂದಕ್ಕೆ ತರಬೇಕು. ಮೂತ್ರದ ನಳಿಕೆ ಹಾಕಿದ್ದರೆ ಇನ್ನೂ ಎಚ್ಚರ. ನಳಿಕೆ ಹಾಕುವಾಗ ಚರ್ಮ ಹಿಂದೆ ಸರಿಸಿರುತ್ತಾರೆ, ಮರಳಿ ತರಲು ಮರೆಯುವುದು ಎಲ್ಲ ಆಸ್ಪತ್ರೆಗಳಲ್ಲೂ ಆಗುವ ತಪ್ಪು, ಮರುದಿನಕ್ಕೆ ಅದೇ ಬಿಗಿ ಉಂಗುರ. ನಳಿಕೆ ಹಾಕಿದ ನರ್ಸು ಹೊರಡುವ ಮುಂಚೆ ಹೊದಿಕೆ ಸರಿಸಿ, ಚರ್ಮ ಮುಂದಿದೆಯೇ ಅಂತ ನೋಡಿ. ಇಲ್ಲದಿದ್ದರೆ ಅಲ್ಲೇ ಕರೆದು ತರಿಸಿ.